ಕೀನ್ಯಾದ ಕಾಡು ಮತ್ತು ಕಡಲಿನ ಪ್ರವಾಸದ ಕುರಿತು ಒಂದು ಬಹಿರಂಗ ಪತ್ರ

ಕೀನ್ಯಾ ಸರ್ಕಾರದ ಪ್ರವಾಸೋದ್ಯಮ ಮತ್ತು ವನ್ಯಜೀವಿ ಸಚಿವಾಲಯಕ್ಕೆ,
ಹಾಗೂ ಕೀನ್ಯಾ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಕನ್ನಡಿಗರಿಗೆ ಮತ್ತು ಆ ಪ್ರವಾಸಗಳನ್ನು ಏರ್ಪಡಿಸುವ ಸಂಸ್ಥೆಗಳಿಗೆ

ಮಾನ್ಯರೆ,

ನಾನು ಮೊಂಬಾಸಾದಲ್ಲಿ ನೆಲೆಸಿರುವ ಕನ್ನಡಿಗ. ಬಂದರಿನ ಸರಕು ಸಾಗಣೆಗೆ ಸಂಬಂಧಿಸಿದ ಉದ್ಯೋಗದಲ್ಲಿದ್ದೇನೆ. ಪ್ರವಾಸೋದ್ಯಮದಿಂದ ನನಗೆ ಯಾವ ಆದಾಯವೂ ಇಲ್ಲ. ಆದರೆ ಊರಿನಿಂದ ಇಲ್ಲಿಗೆ ಬರುವ ನೆಂಟರು, ಗೆಳೆಯರು, ಗೆಳೆಯರ ಪರಿಚಯದವರು ಹೊರಡುವ ಮೊದಲು ಸಲಹೆ ಕೇಳುವುದು ನನ್ನನ್ನೇ. ಅವರಿಗೆ ಹೇಳುತ್ತ ಬಂದ ಮಾತುಗಳನ್ನೂ ಈ ದೇಶದ ಆಡಳಿತಕ್ಕೆ ಹೇಳಬೇಕಾದ ಮಾತುಗಳನ್ನೂ ಒಂದೇ ಪತ್ರದಲ್ಲಿ ಬರೆಯಲು ಕಾರಣವಿದೆ. ಸರ್ಕಾರ ಎಷ್ಟೇ ಒಳ್ಳೆಯ ನಿಯಮ ಮಾಡಿದರೂ ಪ್ರವಾಸಿಗರು ಸಹಕರಿಸದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ. ಪ್ರವಾಸಿಗರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ನಿಯಮವನ್ನು ಜಾರಿಗೊಳಿಸುವವರಿಲ್ಲದಿದ್ದರೆ ಅವರು ಅವಸರದ ಗುಂಪಿನ ಭಾಗವಾಗಿಬಿಡುತ್ತಾರೆ. ಪತ್ರದ ಇಂಗ್ಲಿಷ್ ಪ್ರತಿಯನ್ನು ಸಚಿವಾಲಯಕ್ಕೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

2024ರಲ್ಲಿ ಸುಮಾರು 24 ಲಕ್ಷ ವಿದೇಶಿಯರು ಕೀನ್ಯಾಕ್ಕೆ ಬಂದರು. ಅತಿ ಹೆಚ್ಚು ಪ್ರವಾಸಿಗರನ್ನು ಕಳುಹಿಸುವ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ಕೆಲವೇ ವರ್ಷಗಳಲ್ಲಿ ಈ ಸಂಖ್ಯೆಯನ್ನು 50 ಲಕ್ಷಕ್ಕೆ ಏರಿಸುವ ಗುರಿಯನ್ನು ಸರ್ಕಾರ ಮತ್ತೆ ಮತ್ತೆ ಹೇಳಿದೆ. ಪ್ರವಾಸೋದ್ಯಮ ಬೆಳೆಯುವುದರ ಬಗ್ಗೆ ನನ್ನ ತಕರಾರಿಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ವಿಮಾನಗಳು ನಿಂತಾಗ ಕರಾವಳಿಯ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನೂ, ಪ್ರವಾಸಿಗರನ್ನು ಹವಳದ ದಿಬ್ಬಗಳಿಗೆ ಕರೆದೊಯ್ಯುತ್ತಿದ್ದ ದೋಣಿಗಳು ತಿಂಗಳುಗಟ್ಟಲೆ ದಡದಲ್ಲೇ ಬಿದ್ದಿದ್ದನ್ನೂ ಕಂಡಿದ್ದೇನೆ. ಎಷ್ಟು ಮನೆಗಳ ಒಲೆ ಈ ಉದ್ಯಮವನ್ನು ನಂಬಿ ಉರಿಯುತ್ತದೆ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ನನ್ನ ಆಕ್ಷೇಪವಿರುವುದು ಅಳತೆಯ ಬಗ್ಗೆ. ವಿಮಾನ ನಿಲ್ದಾಣದಲ್ಲಿ ಇಳಿದವರ ತಲೆ ಎಣಿಸಿ ಯಶಸ್ಸನ್ನು ಘೋಷಿಸುವ ಪದ್ಧತಿ ಇರುವವರೆಗೆ, ಈಗಾಗಲೇ ಕಿಕ್ಕಿರಿದಿರುವ ಎರಡು ಮೂರು ಜಾಗಗಳಿಗೇ ಇನ್ನಷ್ಟು ಜನರನ್ನು ತುಂಬುವುದು ಎಲ್ಲರಿಗೂ ಸುಲಭದ ದಾರಿಯಾಗಿ ಕಾಣುತ್ತದೆ. ಬಂದವರು ಎಷ್ಟು ರಾತ್ರಿ ತಂಗಿದರು, ಎಲ್ಲೆಲ್ಲಿ ತಂಗಿದರು, ಅವರು ಖರ್ಚು ಮಾಡಿದ ಹಣದಲ್ಲಿ ಎಷ್ಟು ಪಾಲು ಆನೆ, ಸಿಂಹ ಮತ್ತು ಕಡಲಿನ ಮಗ್ಗುಲಲ್ಲಿ ಬದುಕುವ ಕುಟುಂಬಗಳಿಗೆ ತಲುಪಿತು ಎಂಬುದೇ ಅಳತೆಯಾಗಬೇಕು. ಈ ಪತ್ರದ ಬೇಡಿಕೆಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಮೊದಲು ಮಸಾಯಿ ಮಾರಾದ ವಿಷಯ. ಸುಮಾರು 1,510 ಚದರ ಕಿಲೋಮೀಟರ್ ವಿಸ್ತಾರದ ಈ ರಾಷ್ಟ್ರೀಯ ಮೀಸಲು ಪ್ರದೇಶಕ್ಕೆ ಪ್ರತಿವರ್ಷ ಜುಲೈನಿಂದ ಅಕ್ಟೋಬರ್‌ವರೆಗೆ ನೆರೆಯ ಟಾಂಜಾನಿಯಾದ ಸೆರೆಂಗೆಟಿಯ ಕಡೆಯಿಂದ ವಿಲ್ಡೆಬೀಸ್ಟ್ ಎಂಬ ದೊಡ್ಡ ಜಿಂಕೆಜಾತಿಯ ಪ್ರಾಣಿಗಳ ಮಹಾವಲಸೆ ಬರುತ್ತದೆ. ಹಿಂಡುಗಳು ಮಾರಾ ನದಿಯನ್ನು ದಾಟುವ ದೃಶ್ಯವನ್ನು ನೋಡಲೆಂದೇ ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ನಾನು ನೋಡಿದ ಒಂದು ದಾಟುವಿಕೆಯಲ್ಲಿ ಹಿಂಡು ನದಿಯ ದಂಡೆಗೆ ಬಂದು, ನೀರನ್ನು ಮೂಸಿ, ಹಿಂದೆ ಸರಿದು, ಮತ್ತೆ ಬಂದು ನಿಲ್ಲುತ್ತಿತ್ತು. ಪ್ರತಿಸಲ ಅದು ಮುಂದೆ ಬಂದಾಗಲೂ ಹಿಂದೆ ಕಾದಿದ್ದ ವಾಹನಗಳು ಒಮ್ಮೆಲೇ ದಂಡೆಯತ್ತ ನುಗ್ಗುತ್ತಿದ್ದವು. ಕೊನೆಗೆ ಪ್ರಾಣಿಗಳು ಇಳಿಯಬೇಕಾದ ಇಳಿಜಾರಿಗೆ ಅಡ್ಡಲಾಗಿ ಲ್ಯಾಂಡ್ ಕ್ರೂಸರ್‌ಗಳ ಸಾಲು ನಿಂತಿತು. ಮುಂದಿದ್ದ ಪ್ರಾಣಿಗಳು ಕಡಿದಾದ ಜಾಗದಿಂದ ಧುಮುಕಿದವು. ಒಂದು ಮರಿಯ ಕಾಲು ಮುರಿದಿತ್ತು. ನಮ್ಮ ಚಾಲಕ ದೂರದಲ್ಲೇ ವಾಹನ ನಿಲ್ಲಿಸಿದ್ದರು. ನಮ್ಮ ಗುಂಪಿನಲ್ಲಿದ್ದ ಒಬ್ಬರು ಇನ್ನಷ್ಟು ಹತ್ತಿರ ಹೋಗಲು ಅವರನ್ನು ಒತ್ತಾಯಿಸುತ್ತಲೇ ಇದ್ದರು.

ನಿಯಮ ಇಲ್ಲವೆಂದಲ್ಲ. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದಕ್ಕಿಂತ ಹೆಚ್ಚು ವಾಹನಗಳು ನಿಲ್ಲಬಾರದು, 25 ಮೀಟರಿಗಿಂತ ಹತ್ತಿರ ಹೋಗಬಾರದು, ದಾರಿ ಬಿಟ್ಟು ಹುಲ್ಲುಗಾವಲಿಗೆ ಇಳಿಯಬಾರದು ಎಂದು ಬರೆದಿದೆ. ಮಾರಾ ನದಿಯ ಪಶ್ಚಿಮಕ್ಕಿರುವ, 2001ರಿಂದ ಲಾಭರಹಿತ ಸಂಸ್ಥೆಯೊಂದರ ನಿರ್ವಹಣೆಯಲ್ಲಿರುವ ಮಾರಾ ಟ್ರಯಾಂಗಲ್ ಭಾಗದಲ್ಲಿ ಇದೇ ನಿಯಮಗಳನ್ನು ರೇಂಜರ್‌ಗಳು ಬಹಳಮಟ್ಟಿಗೆ ಜಾರಿಗೊಳಿಸುತ್ತಾರೆ. ಒಂದೇ ಮೀಸಲು ಪ್ರದೇಶದ ಒಂದು ದಂಡೆಯಲ್ಲಿ ಸಾಧ್ಯವಾಗಿರುವುದು ಇನ್ನೊಂದು ದಂಡೆಯಲ್ಲೂ ಸಾಧ್ಯವಾಗಬೇಕು.

ವಾಹನಗಳ ಒತ್ತಡ ಪ್ರಾಣಿಗಳ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಮಾರಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಚೀತಾಗಳ ಅಧ್ಯಯನಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ. ಪ್ರವಾಸಿ ವಾಹನಗಳ ದಟ್ಟಣೆ ಕಡಿಮೆಯಿದ್ದ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡಿದರೆ, ದಟ್ಟಣೆ ಹೆಚ್ಚಿದ್ದ ಕಡೆ ಆ ಸರಾಸರಿ 0.2ಕ್ಕೆ ಕುಸಿದಿತ್ತು. ಚೀತಾ ಹಗಲಿನಲ್ಲಿ ಬೇಟೆಯಾಡುವ ಪ್ರಾಣಿ. ಪ್ರವಾಸಿಗರು ಓಡಾಡುವುದೂ ಹಗಲಿನಲ್ಲೇ. ಚೀತಾ ಮರಿಯ ಫೋಟೋಕ್ಕಾಗಿ ಮುತ್ತಿಗೆ ಹಾಕುವ ನಾವು, ಮುಂದಿನ ವರ್ಷ ಬರುವವರಿಗೆ ಆ ಮರಿಯೇ ಇಲ್ಲದಂತೆ ಮಾಡುತ್ತಿದ್ದೇವೆ.

2024ರಿಂದ ಮಾರಾದ ಪ್ರವೇಶ ಶುಲ್ಕ ವಿದೇಶಿಯರಿಗೆ ವರ್ಷದ ಮೊದಲ ಆರು ತಿಂಗಳು ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್ ಆಗಿದೆ. ನಮ್ಮ ಜನರಿಗೆ ಇದು ದುಬಾರಿಯಾಗಿ ಕಾಣುವುದು ಸಹಜ. ನಾನು ಈ ಏರಿಕೆಯನ್ನು ಸಮರ್ಥಿಸುತ್ತೇನೆ, ಒಂದು ಷರತ್ತಿನ ಮೇಲೆ. ಗೇಟಿನಲ್ಲಿ ಸಂಗ್ರಹವಾದ ಹಣ ರಸ್ತೆಗೆ ಎಷ್ಟು, ರೇಂಜರ್‌ಗಳ ಸಂಬಳಕ್ಕೆ ಎಷ್ಟು, ಸುತ್ತಲಿನ ಹಳ್ಳಿಗಳ ಶಾಲೆಗೂ ನೀರಿಗೂ ಎಷ್ಟು ಹೋಯಿತೆಂಬುದನ್ನು ಮಾರಾವನ್ನು ನೋಡಿಕೊಳ್ಳುವ ನಾರೊಕ್ ಕೌಂಟಿ (ನಮ್ಮ ಜಿಲ್ಲೆಯಂಥದು) ಆಡಳಿತ ಪ್ರತಿವರ್ಷ ಜನರ ಮುಂದಿಡಬೇಕು. ದರ ಏರಿಸಿ ಲೆಕ್ಕ ತೋರಿಸದಿದ್ದರೆ, ಶುಲ್ಕ ಕೊಟ್ಟವನಿಗೂ ಸಿಂಹದ ಬಾಯಿಗೆ ದನ ಕಳೆದುಕೊಂಡವನಿಗೂ ಅದರ ಮೇಲೆ ನಂಬಿಕೆ ಹುಟ್ಟುವುದಿಲ್ಲ.

ಆ ದನ ಕಳೆದುಕೊಂಡವನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವ್ಯವಸ್ಥೆ ನಿಂತಿರುವುದು ಅವನ ಸಹನೆಯ ಮೇಲೆ. ಕೀನ್ಯಾದ ಸುಮಾರು ಶೇ. 65ರಷ್ಟು ವನ್ಯಪ್ರಾಣಿಗಳು ರಾಷ್ಟ್ರೀಯ ಉದ್ಯಾನಗಳ ಹೊರಗೆ, ಸಮುದಾಯಗಳ ಮತ್ತು ಖಾಸಗಿಯವರ ಭೂಮಿಯಲ್ಲಿ ಬದುಕುತ್ತವೆ ಎಂಬುದು ಇಲ್ಲಿ ಎಲ್ಲರೂ ಉಲ್ಲೇಖಿಸುವ ಅಂದಾಜು. ಬೇಟೆಯನ್ನು 1977ರಲ್ಲೇ ನಿಷೇಧಿಸಿದ, 1989ರಲ್ಲಿ ಆನೆದಂತದ ರಾಶಿಗೆ ಬೆಂಕಿಯಿಟ್ಟು ಜಗತ್ತಿನ ಗಮನ ಸೆಳೆದ, 2016ರಲ್ಲಿ ಮತ್ತೆ 105 ಟನ್ ದಂತವನ್ನು ಸುಟ್ಟ ದೇಶವಿದು. ಹಾಗಿದ್ದೂ 1977ರಿಂದ 2016ರ ನಡುವೆ ಇಲ್ಲಿನ ಹುಲ್ಲುಗಾವಲು ಪ್ರದೇಶಗಳಲ್ಲಿ ವನ್ಯಪ್ರಾಣಿಗಳ ಸಂಖ್ಯೆ ಸರಾಸರಿ ಶೇ. 68ರಷ್ಟು ಇಳಿಯಿತೆಂದು ದೀರ್ಘಕಾಲದ ವೈಮಾನಿಕ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಅಧ್ಯಯನ ತೋರಿಸಿದೆ. ಬೇಲಿ, ಉಳುಮೆ, ಹೆಚ್ಚುತ್ತಿರುವ ಜಾನುವಾರು ಮತ್ತು ಜನಸಂಖ್ಯೆ, ಮತ್ತೆ ಮತ್ತೆ ಬರುವ ಬರ ಇವೆಲ್ಲ ಅದಕ್ಕೆ ಕಾರಣ. 2022ರ ಬರದಲ್ಲಿ ಕೆಲವೇ ತಿಂಗಳಲ್ಲಿ 205 ಆನೆಗಳು ಸತ್ತವೆಂದು ಸಚಿವಾಲಯವೇ ತಿಳಿಸಿತ್ತು. ದಂತಚೋರನನ್ನು ಹಿಡಿದರಷ್ಟೇ ಸಾಲದು, ಪ್ರಾಣಿ ನಡೆದಾಡುವ ಭೂಮಿ ಅದರ ಒಡೆಯನಿಗೆ ಹೊರೆಯಾಗದಂತೆ ನೋಡಿಕೊಳ್ಳಬೇಕು.

ಮಾರಾದ ಸುತ್ತಲಿನ ಕನ್ಸರ್ವೆನ್ಸಿಗಳು, ಅಂದರೆ ಸ್ಥಳೀಯರ ಭೂಮಿಯಲ್ಲಿರುವ ವನ್ಯಜೀವಿ ಸಂರಕ್ಷಣಾ ಪ್ರದೇಶಗಳು, ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಗೌರವ ಮೂಡಿಸಿದೆ. ಓಲ್ ಕಿನ್ಯೆ, ನಬೊಯಿಶೊ, ಮಾರಾ ನಾರ್ತ್, ಒಲಾರೆ ಮೊಟೊರೋಗಿ ಮೊದಲಾದ ಕಡೆ ಸಾವಿರಾರು ಮಸಾಯಿ ಕುಟುಂಬಗಳು ತಮ್ಮ ತಮ್ಮ ಹಿಡುವಳಿಗಳನ್ನು ಒಟ್ಟುಗೂಡಿಸಿ ಬೇಲಿಯಿಲ್ಲದೆ ಬಿಡುತ್ತವೆ, ಅಲ್ಲಿ ಡೇರೆ ಹಾಕಿದ ಪ್ರವಾಸಿ ಸಂಸ್ಥೆಗಳು ಆ ಭೂಮಿಗೆ ಗುತ್ತಿಗೆ ಹಣ ಕೊಡುತ್ತವೆ. ಆ ತಿಂಗಳು ಎಷ್ಟು ಪ್ರವಾಸಿಗರು ಬಂದರೆಂಬುದಕ್ಕೂ ಆ ಬಾಡಿಗೆಗೂ ಸಂಬಂಧ ಇರಬಾರದೆಂಬುದು ಅದರ ಮೂಲತತ್ವ. ಎಕರೆಗಳ ಲೆಕ್ಕದಲ್ಲಿ ಡೇರೆಗಳ ಸಂಖ್ಯೆಗೆ ಮಿತಿಯಿರುವುದರಿಂದ ವಾಹನಗಳ ಸಂಖ್ಯೆಯೂ ತಾನಾಗಿಯೇ ಮಿತಿಯಲ್ಲಿರುತ್ತದೆ. ಸರದಿಯ ಪ್ರಕಾರ ದನ ಮೇಯಿಸಲೂ ಅವಕಾಶವಿದೆ. ದನಗಾಹಿಯ ಮಗ ಅಲ್ಲಿ ಗೈಡ್ ಆಗಿದ್ದಾನೆ, ಮಗಳು ಡೇರೆಯ ಮೇಲ್ವಿಚಾರಕಿಯಾಗಿದ್ದಾಳೆ. 2013ರ ವನ್ಯಜೀವಿ ಕಾಯ್ದೆ ಇಂಥ ಕನ್ಸರ್ವೆನ್ಸಿಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು.

ಆದರೆ ಒಪ್ಪಿಗೆಯಿಲ್ಲದೆ ಕಟ್ಟಿದ ಸಂರಕ್ಷಣೆ ಬಹಳ ದಿನ ಬಾಳುವುದಿಲ್ಲ. ದೇಶದ ಉತ್ತರ ಭಾಗದ ಎರಡು ದೊಡ್ಡ ಕನ್ಸರ್ವೆನ್ಸಿಗಳನ್ನು ಸ್ಥಳೀಯ ಸಮುದಾಯದ ಸಮರ್ಪಕ ಪಾಲ್ಗೊಳ್ಳುವಿಕೆಯಿಲ್ಲದೆ, ಸಂವಿಧಾನಕ್ಕೆ ವಿರುದ್ಧವಾಗಿ ಸ್ಥಾಪಿಸಲಾಗಿದೆ ಎಂದು ಪರಿಸರ ಮತ್ತು ಭೂ ನ್ಯಾಯಾಲಯ 2025ರ ಜನವರಿಯಲ್ಲಿ ತೀರ್ಪು ನೀಡಿತು. ಸಚಿವಾಲಯ ಈ ತೀರ್ಪನ್ನು ಅಡಚಣೆಯೆಂದು ಭಾವಿಸದೆ ಮಾರ್ಗದರ್ಶನವೆಂದು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಹಾಗೆಯೇ, ವನ್ಯಪ್ರಾಣಿಯಿಂದ ಪ್ರಾಣಹಾನಿಯಾದ ಕುಟುಂಬಕ್ಕೆ ಅದೇ 2013ರ ಕಾಯ್ದೆ 50 ಲಕ್ಷ ಶಿಲ್ಲಿಂಗ್ ಪರಿಹಾರ ನಿಗದಿಪಡಿಸಿದೆ. ಆ ಹಣ ವರ್ಷಗಟ್ಟಲೆ ಬಾಕಿ ಉಳಿಯುವುದು ಈ ದೇಶದ ಅತಿ ದೊಡ್ಡ ನೋವುಗಳಲ್ಲೊಂದು. ಹೊಸ ಜಾಹೀರಾತು ಚಿತ್ರಕ್ಕೆ ಹಣ ಬಿಡುಗಡೆ ಮಾಡುವ ಮೊದಲು ಈ ಬಾಕಿಯನ್ನು ತೀರಿಸಿ. ಆನೆ ತುಳಿದು ಗಂಡನನ್ನು ಕಳೆದುಕೊಂಡ ಹೆಂಗಸಿನ ಊರಿನಲ್ಲಿ ಆನೆಯನ್ನು ಉಳಿಸಿ ಎಂದು ಹೇಳುವ ಹಕ್ಕು ನಮಗೆ ಬರುವುದು ಆಮೇಲೆಯೇ.

ತ್ಸಾವೊ ಉದ್ಯಾನದ ಅಂಚಿನ ಸಗಾಲಾ ಎಂಬಲ್ಲಿನ ಜೇನುಬೇಲಿಯನ್ನು ಕರ್ನಾಟಕದ ರೈತರು ಬಂದು ನೋಡಬೇಕು. ಹೊಲದ ಸುತ್ತ ಗೂಟಗಳ ನಡುವೆ ಜೇನುಪೆಟ್ಟಿಗೆಗಳನ್ನು ತೂಗುಹಾಕಿ, ಒಂದರಿಂದ ಒಂದಕ್ಕೆ ತಂತಿ ಕಟ್ಟಿರುತ್ತಾರೆ. ಆನೆ ಹೊಲಕ್ಕೆ ನುಗ್ಗಲು ತಂತಿಯನ್ನು ತಳ್ಳಿದರೆ ಪೆಟ್ಟಿಗೆಗಳು ಜೋರಾಗಿ ಅಲುಗಾಡಿ ಜೇನುನೊಣಗಳು ಹೊರಬರುತ್ತವೆ, ಆನೆ ಹಿಂದಕ್ಕೆ ತಿರುಗುತ್ತದೆ. ಬೆಳೆ ಉಳಿಯುತ್ತದೆ, ಜೇನುತುಪ್ಪವೂ ಸಿಗುತ್ತದೆ. ನಮ್ಮ ಕೊಡಗಿನಲ್ಲಿ, ನಾಗರಹೊಳೆಯ ಅಂಚಿನಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಇದೇ ಬಗೆಯ ಪ್ರಯೋಗವನ್ನು ಆರಂಭಿಸಿತು. ಆನೆ ಮತ್ತು ಮನುಷ್ಯನ ನಡುವಿನ ಜಗಳ ಕೊಡಗಿನವರಿಗೂ ತ್ಸಾವೊದವರಿಗೂ ಒಂದೇ ಆಗಿರುವುದರಿಂದ, ಕನ್ನಡಿಗ ಪ್ರವಾಸಿಗರು ಸಿಂಹ ನೋಡಿದ ಮರುದಿನ ಇಲ್ಲಿ ಅರ್ಧ ದಿನ ಕಳೆದರೆ ಅವರಿಗೂ ಪ್ರಯೋಜನ, ಸಗಾಲಾದ ರೈತರಿಗೂ ಪ್ರಯೋಜನ.

ಇನ್ನು ಕಡಲಿನ ಮಾತು. ನಾನು ಬದುಕುತ್ತಿರುವುದು ಕಡಲಿನ ಪಕ್ಕದಲ್ಲೇ ಆದ್ದರಿಂದ ಇದನ್ನು ಹೆಚ್ಚು ಕಾಳಜಿಯಿಂದ ಬರೆಯುತ್ತಿದ್ದೇನೆ.

ಮಾಲಿಂದಿ ಮತ್ತು ವಟಾಮು ಕಡಲ ಉದ್ಯಾನಗಳು 1968ರಲ್ಲೇ ಸ್ಥಾಪನೆಯಾದವು. ಆಫ್ರಿಕಾದ ಅತ್ಯಂತ ಹಳೆಯ ಕಡಲ ಉದ್ಯಾನಗಳಲ್ಲಿ ಇವೂ ಸೇರಿವೆ. 1998ರಲ್ಲಿ ಎಲ್ ನಿನೊದಿಂದ ನೀರು ಬಿಸಿಯಾಗಿ ಈ ತೀರದ ಹವಳದ ದೊಡ್ಡ ಪಾಲು ಬಿಳಿಚಿ ಸತ್ತುಹೋಯಿತು. ಅಂಥ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ಹವಳದ ಮೇಲೆ ದೋಣಿಯ ಲಂಗರು ಬೀಳಬಾರದು, ಪ್ರವಾಸಿಗನ ಪಾದವೂ ಬೀಳಬಾರದು. ಲಂಗರು ಹಾಕದೆ ದೋಣಿಯನ್ನು ಕಟ್ಟಿಹಾಕಲು ಸ್ಥಿರವಾದ ತೇಲುಬುರುಡೆಗಳನ್ನು ಎಲ್ಲ ಕಡಲ ಉದ್ಯಾನಗಳಲ್ಲೂ ಸಾಕಷ್ಟು ಸಂಖ್ಯೆಯಲ್ಲಿ ಅಳವಡಿಸಲು ಬೇಕಾಗುವ ಹಣ ಒಂದು ರಸ್ತೆಯ ಡಾಂಬರಿಗಿಂತ ಕಡಿಮೆ. ಹೀಗಿದ್ದೂ ಇಳಿತದ ಹೊತ್ತಿನಲ್ಲಿ ಹವಳದ ಮೇಲೆ ಚಪ್ಪಲಿ ಹಾಕಿ ನಡೆದು, ನಕ್ಷತ್ರ ಮೀನನ್ನು ನೀರಿನಿಂದ ಎತ್ತಿ ಅಂಗೈಯಲ್ಲಿಟ್ಟು ಫೋಟೋ ತೆಗೆಸಿಕೊಳ್ಳುವುದು ದಿನನಿತ್ಯದ ನೋಟವಾಗಿದೆ. ಶಿಮೋನಿಯಿಂದ ಕಿಸಿಟೆ ದ್ವೀಪದತ್ತ ಹೋಗುವ ದಾರಿಯಲ್ಲಿ ಡಾಲ್ಫಿನ್ ಕಂಡ ಕೂಡಲೇ ನಾಲ್ಕೂ ದಿಕ್ಕಿನಿಂದ ದೋಣಿಗಳು ಅದರ ಬೆನ್ನುಹತ್ತುವುದೂ ಹಾಗೆಯೇ. ಚೀತಾಗೆ ಬೇಕಾದ ಅಂತರವೇ ಡಾಲ್ಫಿನ್‌ಗೂ ಬೇಕು.

ಒಳ್ಳೆಯ ಮಾದರಿಗಳನ್ನು ಹುಡುಕಿಕೊಂಡು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ವಟಾಮುವಿನಲ್ಲಿ 1997ರಲ್ಲಿ ಆರಂಭವಾದ ಲೋಕಲ್ ಓಷನ್ ಕನ್ಸರ್ವೇಷನ್ ಎಂಬ ಸಂಸ್ಥೆ ಮೀನುಗಾರರೊಂದಿಗೆ ಒಂದು ಒಪ್ಪಂದಕ್ಕೆ ಬಂದಿದೆ: ಬಲೆಗೆ ಕಡಲಾಮೆ ಸಿಕ್ಕಿದರೆ ಕೊಲ್ಲದೆ ಫೋನ್ ಮಾಡಬೇಕು, ಸಂಸ್ಥೆಯವರು ಬಂದು ಅದನ್ನು ಪಡೆದು, ಮೀನುಗಾರನ ಸಮಯಕ್ಕೂ ಬಲೆಗಾದ ಹಾನಿಗೂ ಚಿಕ್ಕ ಮೊತ್ತ ಕೊಡುತ್ತಾರೆ. ಒಮ್ಮೆ ನಾನು ಅಲ್ಲಿದ್ದಾಗ ಒಂದು ಹಸಿರು ಕಡಲಾಮೆಯನ್ನು ತಂದರು. ಮರಳಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಚಿಪ್ಪಿನ ಉದ್ದ ಅಳೆದು, ತೂಗಿ, ಮುಂಗಾಲಿನ ರೆಕ್ಕೆಗೆ ಸಂಖ್ಯೆಯುಳ್ಳ ಲೋಹದ ಪಟ್ಟಿ ತೊಡಿಸಿ, ಅಲೆಯ ಅಂಚಿಗೆ ಒಯ್ದರು. ಆಮೆಯನ್ನು ಹಿಡಿದುಕೊಟ್ಟ ಮೀನುಗಾರನೂ ಕೊನೆಯವರೆಗೂ ನಿಂತು ನೋಡಿದ. ಅದು ನೀರಿಗೆ ಸೇರಿದ ಮೇಲೆ ತನ್ನ ಬಲೆಯನ್ನು ಹೆಗಲಿಗೇರಿಸಿಕೊಂಡು ದೋಣಿಗೆ ಮರಳಿದ. ಪ್ರವಾಸಿಗರು ಕೊಡುವ ಪ್ರವೇಶದ ಹಣ ಮತ್ತು ದೇಣಿಗೆ ಈ ಕೆಲಸಕ್ಕೆ ನೆರವಾಗುತ್ತದೆ.

ಕಿಲಿಫಿ ಕೌಂಟಿಯ ಕುರುವಿಟು ಎಂಬಲ್ಲಿ ಮೀನುಗಾರರೇ ಮೀನು ಕಡಿಮೆಯಾಗುತ್ತಿರುವುದನ್ನು ಕಂಡು, 2005ರಲ್ಲಿ ಸುಮಾರು 30 ಹೆಕ್ಟೇರ್ ಕಡಲಿನಲ್ಲಿ ಬಲೆ ಹಾಕುವುದನ್ನು ನಿಲ್ಲಿಸಿದರು. ಸರ್ಕಾರದ ಆದೇಶವನ್ನು ಕಾಯದೆ ತಾವೇ ಗಡಿ ಹಾಕಿಕೊಂಡವರು ಅವರು. ಮುಚ್ಚಿದ ಭಾಗದಲ್ಲಿ ಮೀನು ಹೆಚ್ಚಿತು, ಅದರ ಹೊರಗೂ ಬಲೆಗೆ ಮೀನು ಸಿಗತೊಡಗಿತು, ಮುಖವಾಡ ತೊಟ್ಟು ಈಜಲು ಬರುವ ಪ್ರವಾಸಿಗರಿಂದ ಸಮುದಾಯಕ್ಕೆ ಆದಾಯವೂ ಬಂತು.

ಕ್ವಾಲೆ ಕೌಂಟಿಯ ಗಾಜಿ ಕೊಲ್ಲಿಗೆ ನಾನು ಕರೆದುಕೊಂಡು ಹೋದ ಕನ್ನಡಿಗರಲ್ಲಿ ನಿರಾಶರಾಗಿ ಹಿಂದಿರುಗಿದವರು ಯಾರೂ ಇಲ್ಲ. ನಮ್ಮ ಕರಾವಳಿಯವರು ಕಾಂಡ್ಲಾ ಕಾಡೆನ್ನುವ ಉಪ್ಪುನೀರಿನ ಕಾಡು ಅಲ್ಲಿದೆ. ಅದರ ನಡುವೆ ಮರದ ಹಲಗೆಗಳ ಕಾಲುದಾರಿಯನ್ನು ಕಟ್ಟಿ ನಡೆಸುತ್ತಿರುವವರು ಆ ಊರಿನ ಹೆಂಗಸರ ಗುಂಪು. ಇಳಿತದ ಹೊತ್ತಿಗೆ ಹೋದರೆ ಹಲಗೆಯ ಕೆಳಗೆ ಕೆಸರಿನಲ್ಲಿ ಒಂದೇ ದೊಡ್ಡ ಕೊಂಬಿನ ಏಡಿಗಳು ಓಡಾಡುವುದು ಕಾಣುತ್ತದೆ. ಕಾಂಡ್ಲಾದ ಉಸಿರುಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಯಾವ ಮರದ ಕೋಲು ಮನೆಯ ಮಾಡಿಗೆ, ಯಾವುದು ದೋಣಿಗೆ ಎಂದು ಆ ಹೆಂಗಸರು ವಿವರಿಸುತ್ತಾರೆ. ಮೊದಲೇ ಹೇಳಿದ್ದರೆ ತೆಂಗಿನ ಹಾಲಿನ ಅನ್ನವನ್ನೂ ಮಾಡಿ ಬಡಿಸುತ್ತಾರೆ. ಇದೇ ಕೊಲ್ಲಿಯ ಗಾಜಿ ಮತ್ತು ಮಕೊಂಗೆನಿ ಹಳ್ಳಿಗಳು 2013ರಿಂದ ನಡೆಸುತ್ತಿರುವ ಮಿಕೊಕೊ ಪಮೋಜಾ ಯೋಜನೆಯಲ್ಲಿ 117 ಹೆಕ್ಟೇರ್ ಕಾಂಡ್ಲಾ ಕಾಡನ್ನು ಕಾಪಾಡಿ, ಅದು ಹಿಡಿದಿಟ್ಟ ಇಂಗಾಲದ ಲೆಕ್ಕವನ್ನು (ಕಾರ್ಬನ್ ಕ್ರೆಡಿಟ್) ಮಾರಿ, ಬಂದ ಹಣವನ್ನು ಕುಡಿಯುವ ನೀರಿಗೂ ಶಾಲೆಗೂ ಬಳಸುತ್ತಾರೆ. 2017ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಇಷ್ಟಾದರೂ ಬೆಂಗಳೂರಿನಲ್ಲಿ ಮಾರಾಟವಾಗುವ ಯಾವ ಕೀನ್ಯಾ ಪ್ಯಾಕೇಜಿನಲ್ಲೂ ಗಾಜಿಯ ಹೆಸರನ್ನು ನಾನು ಇದುವರೆಗೆ ಕಂಡಿಲ್ಲ. 'ಮ್ಯಾಜಿಕಲ್ ಕೀನ್ಯಾ' ಹೆಸರಿನಲ್ಲಿ ಪ್ರಚಾರ ಮಾಡುವ ಕೀನ್ಯಾ ಟೂರಿಸಂ ಬೋರ್ಡ್ ಭಾರತದಲ್ಲಿ ಹಂಚುವ ಸಾಮಗ್ರಿಯಲ್ಲಿ ಇಂಥ ಸ್ಥಳಗಳಿಗೆ ಸಿಂಹದಷ್ಟೇ ಜಾಗ ಸಿಗಬೇಕು.

ದಿಯಾನಿ ಕಡಲತೀರದ ಬಳಿಯ ಕಾಯಾ ಕಿನೊಂಡೊ ಎಂಬ ಪವಿತ್ರ ವನವೂ ಹಾಗೆಯೇ. ಈ ಕರಾವಳಿಯ ಮಿಜಿಕೆಂಡಾ ಜನರ ಕಾಯಾ ವನಗಳನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳಗೆ ಹೋಗುವವರು ಕಪ್ಪು ಬಟ್ಟೆ ಸುತ್ತಿಕೊಳ್ಳಬೇಕು, ಒಂದು ಕಡ್ಡಿಯನ್ನೂ ಹೊರಗೆ ಒಯ್ಯಬಾರದು. ಕೊಡಗಿನ ದೇವರಕಾಡನ್ನು ಕಂಡವರಿಗೆ ಅಲ್ಲಿನ ನಡವಳಿಕೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ದಿಯಾನಿಯಲ್ಲಿ ಇನ್ನೊಂದು ವಿಷಯವನ್ನು ತಲೆಯೆತ್ತಿ ನೋಡಿ: ರಸ್ತೆಯ ಮೇಲೆ ಮರದಿಂದ ಮರಕ್ಕೆ ಕಟ್ಟಿದ ಏಣಿಯಂಥ ಸೇತುವೆಗಳು. ಕೊಲೊಬಸ್ ಕೋತಿಗಳು ವಾಹನಕ್ಕೆ ಸಿಕ್ಕಿ ಸಾಯದಂತೆ ಅಲ್ಲಿನ ಸಂರಕ್ಷಣಾ ಸಂಸ್ಥೆಯೊಂದು ಮಾಡಿದ ವ್ಯವಸ್ಥೆಯಿದು.

ಕಡಲತೀರದ ಭೂಮಿಯ ಬಗ್ಗೆ ಒಂದು ನೇರವಾದ ಮಾತು. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲ ಸಾರ್ವಜನಿಕ ಆಸ್ತಿಯೆಂದು 2010ರ ಸಂವಿಧಾನದ 62ನೇ ವಿಧಿ ಹೇಳುತ್ತದೆ. ಆದರೆ ಆ ನೆಲವನ್ನು ತಲುಪುವ ಓಣಿಗಳಿಗೆ ಗೋಡೆ, ಗೇಟು, ಕಾವಲುಗಾರ ಬಂದರೆ ಆ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ. ದೋಣಿಗೆ ಹೋಗಲು ಮೀನುಗಾರ ಅರ್ಧ ಗಂಟೆ ಸುತ್ತಿ ನಡೆಯಬೇಕಾದ ತೀರದಲ್ಲಿ ಪ್ರವಾಸೋದ್ಯಮಕ್ಕೆ ಊರಿನ ಬೆಂಬಲ ಸಿಗುವುದಿಲ್ಲ. ಸಾರ್ವಜನಿಕ ದಾರಿಗಳನ್ನು ಗುರುತಿಸಿ ಫಲಕ ಹಾಕಿ, ಮುಚ್ಚಿರುವುದನ್ನು ತೆರೆಸಿ. ಆಮೆಗಳು ಮೊಟ್ಟೆಯಿಡುವ ತೀರಗಳಲ್ಲಿ ಕಡಲಿಗೆ ಮುಖಮಾಡಿದ ಪ್ರಖರ ದೀಪಗಳನ್ನು ನಿಷೇಧಿಸಿ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕನ್ನು ನೀರೆಂದು ಭ್ರಮಿಸಿ ಹೋಟೆಲಿನ ಅಂಗಳದತ್ತ ಹರಿದು ಸಾಯುತ್ತವೆ.

ಕಾಡನ್ನೂ ಕಡಲನ್ನೂ ಒಂದೇ ದಾರಿಯಲ್ಲಿ ಜೋಡಿಸಲು ಕೀನ್ಯಾಕ್ಕೆ ಈಗ ಒಳ್ಳೆಯ ಸಾಧನವಿದೆ. 2017ರ ಮೇ ಅಂತ್ಯದಲ್ಲಿ ಆರಂಭವಾದ ನೈರೋಬಿ–ಮೊಂಬಾಸಾ ರೈಲು ತ್ಸಾವೊ ಮೂಲಕ ಹಾದುಹೋಗುತ್ತದೆ, ವೋಯಿಯಲ್ಲಿ ನಿಲ್ಲುತ್ತದೆ. ಉದ್ಯಾನದ ದ್ವಾರ ಅಲ್ಲಿಂದ ಬಹಳ ದೂರವಿಲ್ಲ. ತ್ಸಾವೊ ಪೂರ್ವ ಮತ್ತು ಪಶ್ಚಿಮ ಉದ್ಯಾನಗಳೆರಡೂ ಸೇರಿದರೆ 20,000 ಚದರ ಕಿಲೋಮೀಟರಿಗೂ ಹೆಚ್ಚಿನ ಕಾಡು, ಮಾರಾದ ಹದಿಮೂರು ಪಟ್ಟಿಗೂ ಹೆಚ್ಚು. ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳನ್ನು ನೋಡಲು ಬರುವವರಿಗೆ ಅಲ್ಲಿ ನೂಕುನುಗ್ಗಲಿಲ್ಲ. ಎರಡು ಉದ್ಯಾನಗಳ ನಡುವಿನ ಟೈಟಾ ಪ್ರದೇಶದಲ್ಲಿ ಸಮುದಾಯದ್ದೇ ಆದ ಲೂಮೊ ಕನ್ಸರ್ವೆನ್ಸಿ ಇದೆ. ಕರಾವಳಿಗೆ ಇಳಿದರೆ ಸೇಬಲ್ ಜಿಂಕೆಗಳಿರುವ ಶಿಂಬಾ ಬೆಟ್ಟಗಳು, ಅದರ ಪಕ್ಕದಲ್ಲಿ ರೈತರು ತಮ್ಮ ಭೂಮಿಯನ್ನೇ ಬಿಟ್ಟುಕೊಟ್ಟು ಮಾಡಿದ ಮ್ವಾಲುಗಾಂಜೆ ಆನೆಧಾಮ. ವಟಾಮುವಿನ ಹಿಂದೆ ಸುಮಾರು 420 ಚದರ ಕಿಲೋಮೀಟರಿನ ಅರಬುಕೊ-ಸೊಕೊಕೆ ಕಾಡು, ಅದರ ಅಂಚಿನ ರೈತರು 1993ರಿಂದ ಚಿಟ್ಟೆಯ ಕೋಶಗಳನ್ನು ಸಾಕಿ ರಫ್ತು ಮಾಡುವ ಕಿಪೆಪೆಯೊ ಯೋಜನೆ, ಅಲ್ಲೇ ಗೇದಿ ಎಂಬ ಹಳೆಯ ಸ್ವಾಹಿಲಿ ನಗರದ ಅವಶೇಷಗಳು. 2024ರಲ್ಲಿ ನವದೆಹಲಿಯಲ್ಲಿ ನಡೆದ ಅಧಿವೇಶನದಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾರಾಕ್ಕೆ ವಿಮಾನದಲ್ಲಿ ಹೋಗಿ, ವಿಮಾನದಲ್ಲೇ ಬಂದು ಕಡಲತೀರದಲ್ಲಿ ಎರಡು ರಾತ್ರಿ ಮಲಗಿ ಹಿಂದಿರುಗುವವರಿಗೆ ಇದ್ಯಾವುದೂ ಸಿಗುವುದಿಲ್ಲ.

ಕನ್ನಡಿಗ ಬಂಧುಗಳೇ, ಇನ್ನು ನಿಮಗೆ ಹೇಳಬೇಕಾದುದು. ನಿಮ್ಮ ಮಕ್ಕಳ ಬೇಸಿಗೆ ರಜೆಯ ಏಪ್ರಿಲ್ ಮತ್ತು ಮೇ ತಿಂಗಳುಗಳು ಇಲ್ಲಿ ದೀರ್ಘ ಮಳೆಯ ಕಾಲ. ಕಡಲು ಒರಟಾಗಿರುತ್ತದೆ, ಕೆಲವು ಡೇರೆಗಳು ಮುಚ್ಚಿರುತ್ತವೆ. ಮಾರಾದ ವಲಸೆಯ ಉತ್ತುಂಗವಾದ ಆಗಸ್ಟ್‌ನಲ್ಲಿ ಆಗ್ನೇಯದ ಗಾಳಿಯಿಂದ ಕಡಲಪಾಚಿ ದಡಕ್ಕೆ ರಾಶಿ ಬೀಳುತ್ತದೆ, ಹವಳ ನೋಡಲು ನೀರು ತಿಳಿಯಾಗಿರುವುದಿಲ್ಲ. ಮಕ್ಕಳೊಂದಿಗೆ ಬರುವವರಿಗೆ ಅಕ್ಟೋಬರ್‌ನ ದಸರಾ ರಜೆ ಒಳ್ಳೆಯದು. ವಲಸೆಯ ಕೊನೆಯ ಹಿಂಡುಗಳು ಇನ್ನೂ ಇರುವುದುಂಟು, ಕಡಲೂ ಶಾಂತವಾಗತೊಡಗುತ್ತದೆ. ಶಾಲೆಯ ಕಟ್ಟುಪಾಡು ಇಲ್ಲದವರು ಜನವರಿ, ಫೆಬ್ರವರಿಯಲ್ಲಿ ಬನ್ನಿ. ಈಶಾನ್ಯದ ಗಾಳಿ ಬೀಸುವ ಆ ಕಾಲದಲ್ಲೇ ನಮ್ಮ ಪಶ್ಚಿಮ ಕರಾವಳಿಯಿಂದ ಹಾಯಿಹಡಗುಗಳು ಇಲ್ಲಿಗೆ ಬರುತ್ತಿದ್ದವು. ಮಂಗಳೂರಿನ ಹೆಂಚೂ ಒಂದು ಕಾಲದಲ್ಲಿ ಪೂರ್ವ ಆಫ್ರಿಕಾಕ್ಕೆ ಇದೇ ಕಡಲು ದಾಟಿ ಬಂದದ್ದು.

ಐದು ದಿನಕ್ಕೆ ನಾಲ್ಕು ಉದ್ಯಾನಗಳೆಂಬ ಪ್ಯಾಕೇಜನ್ನು ದಯವಿಟ್ಟು ನಿರಾಕರಿಸಿ. ಒಂದು ಕಾಡು, ಒಂದು ಕಡಲತೀರ ಆರಿಸಿಕೊಂಡು ಒಂದೊಂದರಲ್ಲೂ ಮೂರು ರಾತ್ರಿಯಾದರೂ ಇರಿ. ಕೀನ್ಯಾದ ವೃತ್ತಿಪರ ಸಫಾರಿ ಗೈಡ್‌ಗಳ ಸಂಘದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಗೈಡ್‌ಗಳಿಗೆ ಕಂಚು, ಬೆಳ್ಳಿ, ಚಿನ್ನದ ದರ್ಜೆಗಳಿವೆ. ಅಂಥವರನ್ನೇ ಕೇಳಿ ಪಡೆಯಿರಿ. ಚಾಲಕರು ವಾಹನವನ್ನು ದೂರದಲ್ಲಿ ನಿಲ್ಲಿಸಿದರೆ ಅವರಿಗೆ ಧನ್ಯವಾದ ಹೇಳಿ, ಹತ್ತಿರ ಹೋಗದಿದ್ದರೆ ಟಿಪ್ಸ್ ಇಲ್ಲವೆಂಬ ಮಾತನ್ನು ಎಂದೂ ಆಡಬೇಡಿ. ಹತ್ತಿರ ಹೋಗುವುದು ಹೆಚ್ಚಿನ ಸಲ ಚಾಲಕನ ಆಸೆಯಲ್ಲ, ಹಿಂದೆ ಕುಳಿತವರ ಒತ್ತಡ. 2017ರಿಂದ ಈ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. 2020ರಿಂದ ಉದ್ಯಾನಗಳಿಗೂ ಸಂರಕ್ಷಿತ ಕಡಲತೀರಗಳಿಗೂ ಒಮ್ಮೆ ಬಳಸಿ ಎಸೆಯುವ ಬಾಟಲಿ, ತಟ್ಟೆ, ಲೋಟಗಳನ್ನು ಒಯ್ಯುವಂತಿಲ್ಲ. ತಿಂಡಿಯ ಪೊಟ್ಟಣಗಳನ್ನು ಕಟ್ಟುವಾಗಲೇ ಇದನ್ನು ನೆನಪಿಡಿ. ತೀರದಲ್ಲಿ ಮಾರುವ ಶಂಖ, ಚಿಪ್ಪು, ಹವಳದ ತುಂಡುಗಳನ್ನು ಕೊಳ್ಳಬೇಡಿ.

ಊಟದ ಬಗ್ಗೆಯೂ ಹೇಳಬೇಕು. ಗುಂಪು ಪ್ರವಾಸಗಳು ಅಡುಗೆಯವರನ್ನು ಊರಿನಿಂದಲೇ ಕರೆತರುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಹಿರಿಯರಿಗೆ, ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಅದು ನೆಮ್ಮದಿ. ಆದರೆ ಎಲ್ಲ ಹೊತ್ತಿನ ಊಟವೂ ಹಾಗಾದರೆ ಇಲ್ಲಿನ ಅಡುಗೆಮನೆಗೆ ನಿಮ್ಮ ಹಣದ ಒಂದು ಕಾಸೂ ಸೇರುವುದಿಲ್ಲ. ತೊಗರಿಕಾಳನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ಮ್ಬಾಜಿ, ಅದರ ಜೊತೆಗೆ ಏಲಕ್ಕಿ ಹಾಕಿ ಕರಿದ ಮಹಮ್ರಿ ಈ ಕರಾವಳಿಯ ಬೆಳಗಿನ ತಿಂಡಿ, ಮತ್ತು ಅದು ಸಂಪೂರ್ಣ ಸಸ್ಯಾಹಾರ. ಅದನ್ನು ಮಾಡಿ ಮಾರುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ.

ಸಚಿವಾಲಯವನ್ನು ನಾನು ಕೋರುವುದು ಇಷ್ಟು. ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಬಂದಿಳಿದವರ ಸಂಖ್ಯೆಯ ಪಕ್ಕದಲ್ಲೇ ಪ್ರತಿ ಕೌಂಟಿಯಲ್ಲಿ ತಂಗಿದ ರಾತ್ರಿಗಳ ಸಂಖ್ಯೆಯನ್ನೂ ಸಮುದಾಯಗಳಿಗೆ ತಲುಪಿದ ಮೊತ್ತವನ್ನೂ ಪ್ರಕಟಿಸಿ. ಮಾರಾ ಮೀಸಲು ಪ್ರದೇಶದೊಳಗೆ ಹೊಸ ಲಾಡ್ಜ್‌ಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಲು ನಾರೊಕ್ ಕೌಂಟಿಯೊಂದಿಗೆ ಮಾತನಾಡಿ, ನದಿ ದಾಟುವ ಜಾಗಗಳಲ್ಲಿ ವಾಹನಗಳಿಗೆ ಸರದಿ ವ್ಯವಸ್ಥೆಯನ್ನು ತನ್ನಿ. ಪರಿಹಾರದ ಬಾಕಿಯನ್ನು ತೀರಿಸುವ ದಿನಾಂಕವನ್ನು ಘೋಷಿಸಿ. ಕಡಲ ಉದ್ಯಾನಗಳ ದೋಣಿ ಪರವಾನಗಿಯನ್ನು ಸ್ಥಳೀಯ ಮೀನುಗಾರರ ತೀರ ನಿರ್ವಹಣಾ ಘಟಕಗಳ ಸಹಭಾಗಿತ್ವದಲ್ಲಿ ನೀಡಿ, ಡಾಲ್ಫಿನ್ ಬೆನ್ನುಹತ್ತುವ ದೋಣಿಯ ಪರವಾನಗಿಯನ್ನು ರದ್ದುಮಾಡಿ.

ಜುಲೈ 1ರಂದು ಕೀನ್ಯಾದ ಹಣಕಾಸು ವರ್ಷ ಆರಂಭವಾಗುತ್ತದೆ. ಮಾರಾದ ಪ್ರವೇಶ ಶುಲ್ಕ ದುಪ್ಪಟ್ಟಾಗುವುದೂ ಅದೇ ದಿನ. ಹಿಂದಿನ ವರ್ಷ ಸಂಗ್ರಹವಾದ ಶುಲ್ಕದ ಲೆಕ್ಕವನ್ನು ಆ ದಿನ ಪ್ರತಿ ಗೇಟಿನ ಬಳಿ ಸ್ವಾಹಿಲಿ, ಮಸಾಯಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಫಲಕವಾಗಿ ಹಾಕಬೇಕೆಂದು ವಿನಂತಿಸುತ್ತೇನೆ. ಕನ್ನಡಕ್ಕೆ ಅದನ್ನು ಅನುವಾದಿಸಿ ಇಲ್ಲಿಗೆ ಬರುವ ಕನ್ನಡಿಗರಿಗೆ ತಲುಪಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೊಂಬಾಸಾದಲ್ಲಿ ನೆಲೆಸಿರುವ ಕನ್ನಡಿಗ